ಬಂದ ಫೈಲು ಹೋಗಿದ್ದೆಲ್ಲಿಗೆ?

"ಬಂತು ಅಂತ ತೋರಿಸ್ತಿದೆ ಕಣಮ್ಮ. ಎಲ್ಲಿಗೆ ಬಂತು ಅನ್ನೋದೇ ಗೊತ್ತಾಗ್ತಿಲ್ಲ."

ಬೆಳಗ್ಗೆ ಆರೂವರೆ. ನಾನು ಬೇಲಿ ಪಕ್ಕ ದಾಸವಾಳ ಬಿಡಿಸುತ್ತಿದ್ದೆ. ಆಚೆ ಕಡೆ ಪಕ್ಕದ ಮನೆ ದೊಡ್ಡಪ್ಪ ಮಫ್ಲರ್ ಸುತ್ತಿಕೊಂಡು ನಿಂತಿದ್ದರು. ಕಣ್ಣು ನೋಡಿದರೆ ರಾತ್ರಿ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. ನವೆಂಬರ್ ಬಂತೆಂದರೆ ಪಿಂಚಣಿದಾರರ ಮನೆಯಲ್ಲಿ ಒಂದೇ ಮಾತು, ಜೀವಂತ ಪ್ರಮಾಣಪತ್ರ. 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಶುರುವಾದ ಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತಲೇಬೇಕು ಅಂತೇನಿಲ್ಲ. ಬೆರಳಚ್ಚು ಕೊಟ್ಟೋ ಮುಖ ತೋರಿಸಿಯೋ ಮುಗಿಸಿ, ಬಂದ ಪ್ರಮಾಣ್ ಐಡಿ ಹಾಕಿ ಪಿಡಿಎಫ್ ಇಳಿಸಿಕೊಂಡರಾಯಿತು. ದೊಡ್ಡಪ್ಪ ರಾತ್ರಿ ಮಗನ ಹಳೇ ಲ್ಯಾಪ್‌ಟಾಪ್ ಮುಂದೆ ಕೂತು ಡೌನ್‌ಲೋಡ್ ಒತ್ತಿದ್ದಾರೆ. ಏನೂ ಆಗಲಿಲ್ಲ ಅನ್ನಿಸಿ ಮತ್ತೆ ಒತ್ತಿದ್ದಾರೆ. ಹೀಗೇ ಹತ್ತೂವರೆ ತನಕ.

ಅವರು ಅಂಚೆ ಇಲಾಖೆಯಲ್ಲಿ ಜೀವಮಾನವೆಲ್ಲ ದುಡಿದು ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು. ಒಂದು ಕಾಗದ ಹೊರಟಿದೆ ಅಂದಮೇಲೆ ಅದು ಎಲ್ಲೋ ಒಂದು ಕಡೆ ಇರಲೇಬೇಕು, ಇಲ್ಲ ಅನ್ನೋ ಮಾತೇ ಇಲ್ಲ ಅನ್ನುವುದು ಅವರ ನಂಬಿಕೆ. ಆ ನಂಬಿಕೆ ಕಂಪ್ಯೂಟರಿಗೂ ಸರಿಯಾಗಿ ಒಪ್ಪುತ್ತದೆ. ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡು ಇಷ್ಟು ವರ್ಷದಲ್ಲಿ ನಾನು ಕಂಡಿರುವುದೂ ಅದೇ. ಫೈಲು ಕಳೆಯುವುದು ಬಹಳ ಅಪರೂಪ. ನಾವು ಕಾಯುತ್ತಾ ನಿಂತ ಬಾಗಿಲಿಗೆ ಬರದೆ ಇನ್ನೊಂದು ಬಾಗಿಲಿಗೆ ಬಂದು ಕೂತಿರುತ್ತದೆ, ಅಷ್ಟೆ.

"ಲ್ಯಾಪ್‌ಟಾಪ್ ಇಲ್ಲಿಗೇ ತನ್ನಿ ದೊಡ್ಡಪ್ಪ," ಅಂದೆ.

ನಮ್ಮೆರಡು ಮನೆಯ ಮಧ್ಯೆ ಇರುವುದು ಚಪ್ಪಡಿ ಕಲ್ಲಿನ ಬೇಲಿ, ಸೊಂಟದೆತ್ತರ. ಆ ಕಡೆ ಬೇಲಿಗೆ ಒತ್ತಿಕೊಂಡು ಬಟ್ಟೆ ಒಗೆಯುವ ಕಲ್ಲಿದೆ. ಅದರ ಮೇಲೆ ಟವಲ್ ಹಾಸಿ ಲ್ಯಾಪ್‌ಟಾಪ್ ಇಟ್ಟರು. ನಾನು ಈ ಕಡೆಯಿಂದಲೇ ಕೈ ಚಾಚಿ ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿದೆ. ಪಟ್ಟಿ ತೆರೆದುಕೊಂಡಿತು. ಒಂದೇ ಹೆಸರಿನ ಏಳು ಫೈಲು, ಒಂದರ ಕೆಳಗೆ ಒಂದು. ಮೊದಲನೆಯದಕ್ಕೆ ಬರೀ ಹೆಸರು. ಎರಡನೆಯದರ ಕೊನೆಗೆ ಕಂಸದಲ್ಲಿ 1, ಮೂರನೆಯದಕ್ಕೆ 2, ಏಳನೆಯದಕ್ಕೆ 6. ಒತ್ತಿದಾಗಲೆಲ್ಲ ಅದು ಪಾಪ ಬಂದಿದೆ. ಹಳೆಯದನ್ನು ಅಳಿಸಬಾರದೆಂದು ಹೊಸದಕ್ಕೆ ನಂಬರ್ ಹಾಕಿ ಪಕ್ಕದಲ್ಲಿ ಇಟ್ಟಿದೆ.

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಗ್ಗಿದರು. "ಕೆಳಗಡೆ ಒಂದು ಪಟ್ಟಿ ಬರ್ತಿತ್ತಲ್ಲಮ್ಮ, ಅದು ಬರಲೇ ಇಲ್ಲ."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕ್ರೋಮ್‌ನಲ್ಲಿ ಇಳಿಸಿದ ಫೈಲು ಮೊದಲೆಲ್ಲ ಪರದೆಯ ಕೆಳಗಿನ ಅಂಚಿನಲ್ಲಿ ಉದ್ದಕ್ಕೆ ಬಂದು ಕೂರುತ್ತಿತ್ತು. 2023ರಲ್ಲಿ ಅದನ್ನು ತೆಗೆದು ಮೇಲೆ ಬಲಮೂಲೆಗೆ ಸಾಗಿಸಿದರು, ಕೆಳಮುಖದ ಒಂದು ಪುಟ್ಟ ಬಾಣದ ಗುರುತಾಗಿ. ಕೆಳಗೆ ನೋಡಿ ರೂಢಿಯಾದ ಕಣ್ಣು ಕೆಳಗೇ ನೋಡುತ್ತದೆ. ಎಪ್ಪತ್ತು ದಾಟಿದವರು ಕಷ್ಟಪಟ್ಟು ಒಂದು ದಾರಿ ಕಲಿತಿರುತ್ತಾರೆ. ರಾತ್ರೋರಾತ್ರಿ ಆ ದಾರಿಯ ಬಾಗಿಲು ಬೇರೆ ಕಡೆಗೆ ಹೋದರೆ ಅವರು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ. ಅಂಗಡಿಯಲ್ಲಿ ದಿನಾ ನೋಡುತ್ತೇನೆ, "ನನಗೆ ಗೊತ್ತಾಗಲ್ಲಮ್ಮ" ಅಂತಲೇ ಮಾತು ಶುರುಮಾಡುತ್ತಾರೆ. ನನಗೆ ಸಂಕಟವಾಗುವುದು ಅಲ್ಲೇ.

ಅಷ್ಟರಲ್ಲಿ ದೊಡ್ಡಮ್ಮ ಎರಡು ಲೋಟ ಕಾಫಿ ತಂದರು. ಒಂದನ್ನು ಬೇಲಿ ಮೇಲಿಂದ ನನಗೆ ದಾಟಿಸಿ, "ನಿನ್ನೆ ರಾತ್ರಿ ಊಟಕ್ಕೂ ಏಳಲಿಲ್ಲ ಕಣೇ ಇವರು," ಅಂದರು.

ಕೆಲಸ ಮುಗಿದಿತ್ತು. ಮಾತು ಮುಗಿಯಲಿಲ್ಲ. ದೊಡ್ಡಪ್ಪನಿಗೆ ಈಗ ಇಲಾಖೆಯ ಕುತೂಹಲ ಎದ್ದಿತ್ತು. ಎಲ್ಲ ಫೈಲೂ ಹೀಗೇ ಒಂದೇ ಕಡೆ ಬಂದು ಬೀಳುತ್ತವಾ ಅಂತ ಕೇಳಿದರು.

ಬೀಳಬೇಕು. ವಿಂಡೋಸ್‌ನಲ್ಲಿ ಡೌನ್‌ಲೋಡ್ಸ್ ಅನ್ನುವ ಫೋಲ್ಡರು ಅದಕ್ಕೆಂದೇ ಇದೆ. ಆದರೆ ದಾರಿ ತಪ್ಪುವ ಕಡೆಗಳೂ ಇವೆ. ಹೋದ ತಿಂಗಳು ಕಾಲೇಜಿನ ಹುಡುಗಿಯೊಬ್ಬಳು ಅಂಗಡಿಯಲ್ಲಿ ಕೂತು ಕಣ್ಣೀರು ಹಾಕಿಬಿಟ್ಟಳು. ಮೇಲ್‌ನಲ್ಲಿ ಬಂದ ಪ್ರಾಜೆಕ್ಟ್ ರಿಪೋರ್ಟನ್ನು ಸೇವ್ ಮಾಡದೆ ನೇರ ಓಪನ್ ಒತ್ತಿ, ಎರಡು ಗಂಟೆ ತಿದ್ದಿ, ಕಂಟ್ರೋಲ್ ಎಸ್ ಕೊಟ್ಟು ಮುಚ್ಚಿದ್ದಳು. ಹಾಗೆ ತೆರೆದ ಫೈಲನ್ನು ಎಷ್ಟೋ ಪ್ರೋಗ್ರಾಂಗಳು ಟೆಂಪರರಿ ಫೋಲ್ಡರಿನಲ್ಲಿ, ನಮ್ಮ ಕಣ್ಣಿಗೆ ಬೀಳದ ಕಡೆ ಇಡುತ್ತವೆ. ವರ್ಡ್ ತೆರೆದು ರೀಸೆಂಟ್ ಪಟ್ಟಿ ನೋಡಿದೆ, ಫೈಲಿನ ಹೆಸರು ಇತ್ತು, ಒತ್ತಿದರೆ ತೆರೆದುಕೊಂಡಿತು. ಕೂಡಲೇ ಸೇವ್ ಆ್ಯಸ್ ಕೊಟ್ಟು ಡೆಸ್ಕ್‌ಟಾಪಿಗೆ ತಂದುಕೊಟ್ಟೆ. ಒಂದು ದಿನ ತಡವಾಗಿ ಬಂದಿದ್ದರೆ ಅದು ಉಳಿದಿರುತ್ತಿತ್ತೋ ಇಲ್ಲವೋ.

"ವಿಲೇವಾರಿ ಆಗದ ಕಾಗದ ಬೇರೆ ಚೀಲದಲ್ಲಿ ಇಡ್ತಿದ್ವಲ್ಲ, ಹಂಗೆ," ಅಂದರು ದೊಡ್ಡಪ್ಪ.

ಪೂರ್ತಿ ಬಾರದೇ ನಿಂತ ಫೈಲೂ ಇರುತ್ತದೆ. ಕ್ರೋಮ್‌ನಲ್ಲಿ ಇಳಿಯುತ್ತಿರುವ ಫೈಲಿನ ಬಾಲಕ್ಕೆ ಸಿಆರ್‌ಡೌನ್‌ಲೋಡ್ ಅಂತ ಇರುತ್ತದೆ, ಫೈರ್‌ಫಾಕ್ಸ್‌ನಲ್ಲಿ ಪಾರ್ಟ್ ಅಂತ. ನೆಟ್ ಹೋಗಿ ಅರ್ಧಕ್ಕೆ ನಿಂತರೆ ಆ ಬಾಲ ಹಾಗೇ ಉಳಿಯುತ್ತದೆ. ಬಾಲ ಕತ್ತರಿಸಿ ಪಿಡಿಎಫ್ ಅಂತ ಹೆಸರಿಟ್ಟರೆ ತೆರೆಯುತ್ತೆ ಅಂದುಕೊಂಡು ಬರುವವರಿದ್ದಾರೆ. ಅರ್ಧ ಹರಿದ ಕಾಗದಕ್ಕೆ ಹೊಸ ಲಕೋಟೆ ಹಾಕಿದ ಹಾಗೆ ಅದು. ರೆಸ್ಯೂಮ್ ಕೊಡಬೇಕು, ಇಲ್ಲ ಮೊದಲಿಂದ ಇಳಿಸಬೇಕು. ಇನ್ನು ಮದುವೆ ವಿಡಿಯೊ ಹಿಡಿದು ಬರುವವರದು ಬೇರೆ ಗೋಳು. ಪೆನ್‌ಡ್ರೈವ್ 32 ಜಿಬಿ, ಒಳಗೆ ಖಾಲಿ, ಆದರೂ ಐದು ಜಿಬಿಯ ವಿಡಿಯೊ ಹೋಗುವುದಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಲೆಕ್ಕದಲ್ಲಿ ಫಾರ್ಮ್ಯಾಟ್ ಆಗಿದ್ದರೆ ಒಂದೊಂದು ಫೈಲು 4 ಜಿಬಿ ಮುಟ್ಟುವ ಹಾಗಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಟ್ಟರೆ ಮುಗಿಯಿತು. ಬದಲಿಸುವಾಗ ಒಳಗಿರುವುದೆಲ್ಲ ಅಳಿಯುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಬೇಕು.

ಇ-ಆಧಾರ್ ಇಳಿಸಿದವರಲ್ಲಿ ಅರ್ಧಕ್ಕರ್ಧ ಜನ "ಫೈಲ್ ಕೆಟ್ಟಿದೆ" ಅಂತಲೇ ಬರುತ್ತಾರೆ. ಕೆಟ್ಟಿಲ್ಲ, ಬೀಗ ಹಾಕಿದೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ದೊಡ್ಡಕ್ಷರದಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ವರ್ಷ. ಎಲ್ಲರ ಬೀಗದ ಕೈಯೂ ಅದೇ ಮಾದರಿ.

ತಮ್ಮನ ಊರಿನಲ್ಲಿ ಒಂದು ಕಂಪ್ಯೂಟರಿತ್ತು, ಯಾವ ಸೈಟೂ ತೆರೆಯದು, ಏನೂ ಇಳಿಯದು. ಮೂರು ಜನ ಬಂದು ವಿಂಡೋಸ್ ಹೊಸದಾಗಿ ಹಾಕಿ ಹೋಗಿದ್ದರು. ನಾನು ಹೋದಾಗ ಬಲಮೂಲೆಯ ದಿನಾಂಕ ನೋಡಿದೆ, 2009. ಒಳಗಿನ ಮದರ್‌ಬೋರ್ಡ್‌ನಲ್ಲಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್2032. ಅದು ಸತ್ತರೆ ಕಂಪ್ಯೂಟರ್ ಆಫ್ ಮಾಡಿದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಸುರಕ್ಷಿತ ಸೈಟುಗಳೆಲ್ಲ ತಮ್ಮ ಗುರುತಿಗೆ ಒಂದು ಸರ್ಟಿಫಿಕೇಟ್ ತೋರಿಸುತ್ತವೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ವಾಯಿದೆ ಇದೆ. 2009ರಲ್ಲಿ ಕೂತು ನೋಡುವ ಕಂಪ್ಯೂಟರಿಗೆ ಈಗಿನ ಸರ್ಟಿಫಿಕೇಟೆಲ್ಲ ಇನ್ನೂ ಹುಟ್ಟದೇ ಇರುವಂಥವು, ಅದಕ್ಕೇ ಒಳಗೆ ಬಿಡುವುದಿಲ್ಲ. ಚಿಲ್ಲರೆ ದುಡ್ಡಿನ ಒಂದು ಬ್ಯಾಟರಿ ಹಾಕಿ ದಿನಾಂಕ ಸರಿಮಾಡಿದೆ.

ಇದು ಕೇಳಿ ದೊಡ್ಡಪ್ಪನ ಮುಖ ಅರಳಿತು. "ಬೆಳಗ್ಗೆ ಆಫೀಸ್ ಬಾಗಿಲು ತೆಗೆದ ತಕ್ಷಣ ಮೊದಲನೇ ಕೆಲಸ ಏನು ಗೊತ್ತಾ? ಠಸ್ಸೆಯ ತಾರೀಖು ಬದಲಾಯಿಸೋದು. ಅದು ತಪ್ಪಿದರೆ ಇಡೀ ದಿನದ ಟಪಾಲು ತಪ್ಪು."

ಠಸ್ಸೆಯ ಮಾತು ಬಂದಿದ್ದು ಒಳ್ಳೆಯದಾಯಿತು, ನಾನು ಹೇಳಬೇಕೆಂದಿದ್ದ ಮುಖ್ಯ ಸಂಗತಿಗೆ ಅದೇ ದಾರಿ. ಇಂಟರ್‌ನೆಟ್‌ನಿಂದ ಇಳಿದ ಪ್ರತಿ ಫೈಲಿನ ಬೆನ್ನಿಗೂ ವಿಂಡೋಸ್ ಒಂದು ಠಸ್ಸೆ ಹೊಡೆಯುತ್ತದೆ. ಹೊರಗೆ ಕಾಣುವುದಿಲ್ಲ. ಒಳಗೆ ಝೋನ್ 3 ಅಂತ ಬರೆದಿರುತ್ತದೆ. 3 ಅಂದರೆ ಹೊರಗಿನ ಇಂಟರ್‌ನೆಟ್. ಅದನ್ನು ನೋಡಿಯೇ ವರ್ಡ್ ಹಳದಿ ಪಟ್ಟಿ ತೋರಿಸಿ ಓದಲು ಮಾತ್ರ ಬಿಡುತ್ತದೆ, ಎಕ್ಸೆಲ್ ಮ್ಯಾಕ್ರೋ ನಡೆಸಲು ಒಪ್ಪುವುದಿಲ್ಲ. 2025ರ ಅಕ್ಟೋಬರಿನ ಅಪ್‌ಡೇಟ್ ಆದಮೇಲೆ ಇಂಥ ಫೈಲುಗಳ ಪ್ರಿವ್ಯೂ ಕೂಡ ಪಕ್ಕದಲ್ಲಿ ಬರುವುದಿಲ್ಲ. ನಮ್ಮ ಅಂಗಡಿಯಲ್ಲಿ ನಾಲ್ಕು ದಿನ ಎಲ್ಲರೂ ಗಾಬರಿ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ ಕೆಳಗೆ ಅನ್‌ಬ್ಲಾಕ್ ಅಂತ ಒಂದು ಚೌಕ ಇದೆ. ಅಲ್ಲಿ ಟಿಕ್ ಹಾಕಿದರೆ ಠಸ್ಸೆ ಅಳಿಯುತ್ತದೆ.

"ಮತ್ತೆ ಎಲ್ಲದಕ್ಕೂ ಟಿಕ್ ಹಾಕಿಬಿಟ್ರೆ ಆಯ್ತಲ್ಲ?" ಅಂದರು ದೊಡ್ಡಮ್ಮ.

ಅದೇ ಆಗಬಾರದು ದೊಡ್ಡಮ್ಮ. ಕಳಿಸಿದವರು ಯಾರು ಅಂತ ಗೊತ್ತಿದ್ದು, ಅವರು ಕಳಿಸ್ತೀನಿ ಅಂದಿದ್ದೇ ಬಂದಿದ್ದರೆ ಮಾತ್ರ. ಪೆನ್‌ಡ್ರೈವ್ ವಿಷಯದಲ್ಲಂತೂ ನಾನು ಇನ್ನೂ ಬಿಗಿ. ಫ್ಯಾಟ್32 ಆಗಲಿ ಎಕ್ಸ್‌ಫ್ಯಾಟ್ ಆಗಲಿ, ಆ ಪೆನ್‌ಡ್ರೈವ್‌ಗಳಿಗೆ ಈ ಠಸ್ಸೆ ಹೊರುವ ಶಕ್ತಿಯಿಲ್ಲ. ಊರೆಲ್ಲ ಸುತ್ತಿ ಬಂದ ಫೈಲು ಮನೆಯಲ್ಲೇ ಹುಟ್ಟಿದ ಹಾಗೆ ಬರುತ್ತದೆ. ಅದಕ್ಕೇ ಯಾರೇ ಪೆನ್‌ಡ್ರೈವ್ ಕೊಟ್ಟರೂ ಮೊದಲು ಸ್ಕ್ಯಾನ್ ಮಾಡಿ ಆಮೇಲೆ ತೆರೆಯುತ್ತೇನೆ. ತಡವಾಗುತ್ತೆ ಅಂತ ಗಿರಾಕಿಗಳು ಗೊಣಗುತ್ತಾರೆ. ಗೊಣಗಲಿ.

ಇಳಿದ ಕ್ಷಣಕ್ಕೇ ಮಾಯವಾಗುವ ಫೈಲಿನ ಕಥೆಯೂ ಇದೇ. ಎರಡು ವರ್ಷದ ಹಿಂದೆ ನಮ್ಮ ಹಳೇ ಪ್ರಿಂಟರಿಗೆ ಡ್ರೈವರ್ ಬೇಕಾಗಿತ್ತು. ಹುಡುಕಿ ಒಂದು ಪುಟ ತೆರೆದರೆ ಡೌನ್‌ಲೋಡ್ ಅಂತ ನಾಲ್ಕು ಬಟನ್ನು, ಮೂರು ಹಸಿರು, ಒಂದು ನೀಲಿ. ನಾನು ದೊಡ್ಡ ಹಸಿರನ್ನು ಒತ್ತಿದೆ. ಫೈಲು ಇಳಿಯಿತು, ಕಂಡಿತು, ಕಣ್ಣೆದುರೇ ಇಲ್ಲವಾಯಿತು. ವಿಂಡೋಸ್ ಸೆಕ್ಯುರಿಟಿಗೆ ಹೋಗಿ ಪ್ರೊಟೆಕ್ಷನ್ ಹಿಸ್ಟರಿ ತೆಗೆದರೆ ಅಲ್ಲಿತ್ತು, ಕ್ವಾರಂಟೈನ್ ಅಂತ ಬರೆದು ಕೂಡಿಹಾಕಿತ್ತು. ರಿಸ್ಟೋರ್ ಒತ್ತುವ ಅವಕಾಶವೂ ಪಕ್ಕದಲ್ಲೇ ಇತ್ತು. ಗಿರಾಕಿಗಳು ಸಾಲಾಗಿ ನಿಂತಿದ್ದರು, ಹಾಲ್ ಟಿಕೆಟ್ ಪ್ರಿಂಟ್ ಆಗಬೇಕಿತ್ತು. ಆದರೂ ಕೈ ಹೋಗಲಿಲ್ಲ. ಪ್ರಿಂಟರ್ ತಯಾರಿಸಿದವರ ಸ್ವಂತ ಸೈಟು ಹುಡುಕಿ, ಮಾಡೆಲ್ ನಂಬರ್ ಹಾಕಿ, ಅಲ್ಲಿಂದ ಇಳಿಸಿದೆ. ಇಪ್ಪತ್ತು ನಿಮಿಷ ಹೆಚ್ಚಾಯಿತು. ನಿಜವಾದ ಫೈಲು ಸದ್ದಿಲ್ಲದೆ ಬಂದು ಕೂತಿತು.

ಹಾಗಂತ ತಡೆದದ್ದೆಲ್ಲ ಕೆಟ್ಟದ್ದೇ ಅಂತಲೂ ಹೇಳಲಾರೆ. ನೀಲಿ ಪರದೆ ಬಂದು ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ ಅನ್ನುತ್ತದಲ್ಲ, ಎಷ್ಟೋ ಸಲ ಅದರ ಅರ್ಥ "ಈ ಫೈಲನ್ನು ನಾನು ಹೆಚ್ಚು ಕಂಡಿಲ್ಲ" ಅಂತ. ಹೆಚ್ಚು ಜನ ಇಳಿಸಿಕೊಳ್ಳದ ಸಣ್ಣ ಪ್ರೋಗ್ರಾಂ, ಯಾರೋ ಪ್ರೀತಿಯಿಂದ ಬರೆದ ಕನ್ನಡದ ಒಂದು ಫಾಂಟ್ ಪರಿವರ್ತಕ, ಇವುಗಳನ್ನೂ ಅದು ನಿಲ್ಲಿಸುತ್ತದೆ. ಊರಿಗೆ ಹೊಸಬರು ಬಂದರೆ ಯಾರಪ್ಪ ನೀವು ಅಂತ ಕೇಳುವುದಿಲ್ಲವೇ, ಹಾಗೆ.

ಕಾಫಿ ಲೋಟ ಕೆಳಗಿಟ್ಟು ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮಣ್ಣನಿಗೆ ಆಗಿದ್ದು ಹೇಳಿದ್ನಲ್ಲ ನಿಂಗೆ," ಅಂದರು.

ಹೇಳಿದ್ದರು. ಫೋನಿಗೆ ಒಂದು ಸಂದೇಶ ಬಂದಿತ್ತು, ಗಾಡಿಗೆ ದಂಡ ಬಿದ್ದಿದೆ, ಚಲನ್ ನೋಡಿ ಅಂತ. ಜೊತೆಗೊಂದು ಫೈಲು. ಹೆಸರು ಚಲನ್, ಬಾಲ ಎಪಿಕೆ. ಎಪಿಕೆ ಅಂದರೆ ಕಾಗದವಲ್ಲ, ಫೋನಿನೊಳಗೆ ಬಂದು ಮನೆಮಾಡುವ ಆ್ಯಪ್. ಫೋನು ತಡೆದಿತ್ತು. ಗೊತ್ತಿಲ್ಲದ ಕಡೆಯಿಂದ ಬಂದದ್ದು, ಬೇಡ ಅಂತ ಕೇಳಿತ್ತು. ಒಂದು ಸಲವಲ್ಲ, ಎರಡು ಸಲ. ಕೇಳಿದ್ದು ಇಂಗ್ಲಿಷಿನಲ್ಲಿ. ಅವರು ಓದಿದ್ದು ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು. ಲೆಕ್ಕದಲ್ಲಿ ಗಟ್ಟಿ, ಕೊಬ್ಬರಿ ಹರಾಜಿನಲ್ಲಿ ಅವರನ್ನು ಯಾರೂ ಏಮಾರಿಸಲಾರರು. ಪರದೆಯಲ್ಲಿ ಎರಡು ಬಟನ್ ಕಂಡವು. ಮುಂದಕ್ಕೆ ಬಿಡುವುದು ಯಾವುದು ಅಂತ ರೂಢಿಯಿಂದ ಗೊತ್ತಿತ್ತು, ಅದನ್ನು ಒತ್ತಿದರು. ಸಂಜೆಗೆ ಖಾತೆಯಲ್ಲಿ ಮಗಳ ಮದುವೆಗೆಂದು ಇಟ್ಟಿದ್ದ ಹಣ ಇರಲಿಲ್ಲ. 1930ಕ್ಕೆ ಫೋನ್ ಮಾಡಬೇಕು, ಅದೂ ಆದಷ್ಟು ಬೇಗ ಮಾಡಬೇಕು ಅನ್ನುವುದು ತಿಳಿದದ್ದು ಎರಡು ದಿನದ ಮೇಲೆ.

ಮದುವೆ ಕರೆಯೋಲೆ ಅಂತಲೂ ಎಪಿಕೆ ಬರುತ್ತದೆ. ಕರೆಯೋಲೆ ಓದುವುದಕ್ಕೆ ಏನನ್ನಾದರೂ ಇನ್‌ಸ್ಟಾಲ್ ಮಾಡಬೇಕೇ? ಅದು ಫೋಟೊ ಆಗಿರಬೇಕು, ವಿಡಿಯೊ ಆಗಿರಬೇಕು, ಪಿಡಿಎಫ್ ಆಗಿರಬೇಕು. ಅಂಗಡಿಯ ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ: ಫೈಲಿನ ಬಾಲ ನೋಡಿ. ಕಂಪ್ಯೂಟರಿನಲ್ಲಿ ಆ ಬಾಲವನ್ನೇ ವಿಂಡೋಸ್ ಮುಚ್ಚಿಡುತ್ತದೆ, ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್‌ಗೆ ಟಿಕ್ ಹಾಕಿ ನಾವೇ ತೆರೆಸಬೇಕು. 2000ನೇ ಇಸವಿ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ಐ ಲವ್ ಯೂ ವೈರಸ್ ಲೋಕವನ್ನೆಲ್ಲ ಸುತ್ತಿದ್ದು ಈ ಮುಚ್ಚಿದ ಬಾಲದಿಂದಲೇ. ಹೆಸರು ಪ್ರೇಮಪತ್ರ, ಕಾಣುತ್ತಿದ್ದ ಬಾಲ ಟಿಎಕ್ಸ್‌ಟಿ, ಅದರ ಹಿಂದೆ ಮರೆಯಾಗಿದ್ದ ನಿಜವಾದ ಬಾಲ ವಿಬಿಎಸ್. ಇಪ್ಪತ್ತೈದು ವರ್ಷ ಕಳೆದರೂ ಮೋಸದ ಹೊಲಿಗೆ ಅದೇ.

ನನಗೆ ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವುದನ್ನು ಅವತ್ತು ಬೇಲಿ ಹತ್ತಿರ ಹೇಳಿಬಿಟ್ಟೆ. ತಡೆಯುವವನು ನಮ್ಮ ಮಾತಿನಲ್ಲಿ ತಡೆಯಬೇಕು. ಬಾಗಿಲಲ್ಲಿ ನಿಂತು "ಒಳಗೆ ಹಾವಿದೆ" ಅಂತ ಕೂಗುವವನ ಭಾಷೆ ಮನೆಯವರಿಗೆ ತಿಳಿಯದಿದ್ದರೆ, ಅವನು ಅಲ್ಲಿ ನಿಂತು ಏನು ಬಂತು? ಕನ್ನಡ ಕಂಪ್ಯೂಟರಿಗೆ ಬಂದೇ ಇಲ್ಲ ಅಂತಲ್ಲ. ಕ್ರೋಮ್ ಕನ್ನಡದಲ್ಲಿದೆ, ಆಂಡ್ರಾಯ್ಡ್ ಕನ್ನಡದಲ್ಲಿದೆ. ಫೋನ್ ಕೊಡಿಸಿದ ಮಗನೋ ಮೊಮ್ಮಗಳೋ ಮೊದಲ ದಿನವೇ ಭಾಷೆ ಬದಲಿಸಿ ಕೊಡುವುದಿಲ್ಲ. ಅಂಗಡಿಯವರಾದ ನಾವೂ ಕೊಡುವುದಿಲ್ಲ. ಎರಡು ನಿಮಿಷದ ಕೆಲಸ ಅದು.

ಕನ್ನಡದ ಫೈಲು ಕನ್ನಡದ ಹೆಸರಿನಲ್ಲೇ ಬರುವುದೂ ಎಷ್ಟೋ ಸಲ ಕಷ್ಟ. ಮೊನ್ನೆ ಒಬ್ಬರು ಡೌನ್‌ಲೋಡ್ ಆದ ಫೈಲು ತೋರಿಸಿ ವೈರಸ್ಸಾ ಅಂತ ಕೇಳಿದರು. ಹೆಸರಿನ ತುಂಬಾ ಶೇಕಡಾ ಚಿಹ್ನೆ, ಇ0, ಬಿ2, ಮತ್ತೆ ಶೇಕಡಾ ಚಿಹ್ನೆ. ವೈರಸ್ ಅಲ್ಲ, ಅದು ಕನ್ನಡವೇ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಗುರುತು ಒಳಗೆ ಮೂರು ಬೈಟು. ಮೊದಲ ಬೈಟು ಯಾವಾಗಲೂ ಇ0, ಎರಡನೆಯದು ಬಿ2 ಇಲ್ಲವೇ ಬಿ3. ವಿಳಾಸದಲ್ಲಿ ಕಳಿಸುವಾಗ ಪ್ರತಿ ಬೈಟಿಗೂ ಮುಂದೆ ಶೇಕಡಾ ಚಿಹ್ನೆ ಸೇರಿ ಒಟ್ಟು ಒಂಬತ್ತು ಗುರುತಾಗುತ್ತದೆ. ಕಳಿಸಿದ ಕಡೆ ಸರಿಯಾಗಿ ಹೇಳದಿದ್ದರೆ ಇಳಿದ ಮೇಲೂ ಅದು ಹಾಗೇ ಉಳಿಯುತ್ತದೆ. ಪಂಚಾಯಿತಿ ಅನ್ನುವ ಪದ ಒಂದಕ್ಕೇ 72 ಗುರುತು. ವಿಂಡೋಸ್‌ನಲ್ಲಿ ಫೋಲ್ಡರಿನ ದಾರಿಯೂ ಸೇರಿ ಫೈಲಿನ ಹೆಸರು ಸಾಮಾನ್ಯವಾಗಿ 260 ಗುರುತು ದಾಟಬಾರದು. ಪಂಚಾಯಿತಿ ಸಭೆಯ ನಡಾವಳಿ ಅಂತ ಅಕ್ಕರೆಯಿಂದ ಉದ್ದಕ್ಕೆ ಹೆಸರಿಟ್ಟರೆ ಜಿಪ್ ಬಿಚ್ಚುವಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಸರು ಬದಲಿಸಿ ಚಿಕ್ಕದು ಮಾಡಿಕೊಟ್ಟೆ. ಒಳಗೆ ಕನ್ನಡ ಅಚ್ಚುಕಟ್ಟಾಗಿ, ಒಂದೊತ್ತೂ ಮುಕ್ಕಾಗದೆ ಇತ್ತು.

"ಹಾಗಾದ್ರೆ ಇದನ್ನೂ ಕನ್ನಡ ಮಾಡಿಕೊಡಮ್ಮ," ಅಂದು ದೊಡ್ಡಪ್ಪ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು.

ಸೆಟ್ಟಿಂಗ್ಸ್‌ಗೆ ಹೋಗಿ, ಲ್ಯಾಂಗ್ವೇಜಸ್‌ನಲ್ಲಿ ಕನ್ನಡ ಸೇರಿಸಿ, ಕ್ರೋಮ್ ಅನ್ನು ಈ ಭಾಷೆಯಲ್ಲಿ ತೋರಿಸು ಅಂತ ಕೊಟ್ಟು, ರೀಲಾಂಚ್ ಒತ್ತಿದೆ. ಮುಚ್ಚಿ ತೆರೆಯಿತು. ಕಂಟ್ರೋಲ್ ಜೆ ಒತ್ತುವ ಕೆಲಸವನ್ನು ಅವರಿಗೇ ಬಿಟ್ಟೆ. ತೋರುಬೆರಳಿನಿಂದ ಹುಡುಕಿ ಒತ್ತಿದರು. ಮೇಲೆ ದೊಡ್ಡದಾಗಿ "ಡೌನ್‌ಲೋಡ್‌ಗಳು" ಅಂತ ಬಂತು. ಗಟ್ಟಿಯಾಗಿ ಓದಿದರು. ಕೆಳಗಿನದನ್ನೂ ಒಂದೊಂದಾಗಿ ಓದಿದರು, ಹಿಂದೆ ಟಪಾಲಿನ ಮೇಲಿನ ವಿಳಾಸ ಓದುತ್ತಿದ್ದ ಹಾಗೇ ಇದ್ದಿರಬೇಕು. ಆಮೇಲೆ ಫೋಲ್ಡರ್ ತೆರೆಸಿಕೊಂಡು 6ರಿಂದ ಹಿಡಿದು 1ರ ತನಕ ಹೆಚ್ಚಿನ ಕಾಪಿಗಳನ್ನು ತಾವೇ ಅಳಿಸಿದರು. ಪ್ರತಿಯೊಂದಕ್ಕೂ ಮುಂಚೆ, "ಇದಾ?" ಅಂತ ನನ್ನ ಮುಖ ನೋಡುತ್ತಿದ್ದರು. ಮೂರನೆಯದಾದ ಮೇಲೆ ಕೇಳಲಿಲ್ಲ.

ಉಳಿದ ಒಂದಕ್ಕೆ ರೈಟ್ ಕ್ಲಿಕ್ ಮಾಡಿ ಹೆಸರು ಬದಲಿಸುವುದು ಹೇಗೆ ಅಂತ ತೋರಿಸಿದೆ. ಕೀಬೋರ್ಡ್‌ನಲ್ಲಿ ಕನ್ನಡ ಇರಲಿಲ್ಲವಾಗಿ ಇಂಗ್ಲಿಷಿನಲ್ಲೇ ಪಿಂಚಣಿ ಅಂತ ಬರೆದು ಇಸವಿ ಹಾಕಿದರು. ಬಾಲ ಪಿಡಿಎಫ್ ಅಂತಲೇ ಇದೆಯಾ ಅಂತ ಕನ್ನಡಕ ಎತ್ತಿ ನೋಡಿಕೊಂಡರು.

"ನಮ್ಮಣ್ಣನ ಫೋನೂ ಕನ್ನಡ ಮಾಡಿಕೊಡ್ತೀಯಾ? ಭಾನುವಾರ ಬಾ ಅಂತ ಹೇಳ್ತೀನಿ," ಅಂದರು ದೊಡ್ಡಮ್ಮ.

"ಅಂಗಡಿಗೆ ಯಾಕೆ ದೊಡ್ಡಮ್ಮ, ಇಲ್ಲಿಗೇ ಬರಲಿ," ಅಂದೆ.

ಅವರು ಎರಡೂ ಲೋಟ ತೊಳೆಯಲು ಎತ್ತಿಕೊಂಡರು. ನಾನು ಕೊಯ್ದಿಟ್ಟ ದಾಸವಾಳದಲ್ಲಿ ಅರ್ಧ ಬೇಲಿ ಮೇಲಿಂದ ಅವರ ಸೆರಗಿಗೆ ಹಾಕಿದೆ. ದೊಡ್ಡಪ್ಪ ಲ್ಯಾಪ್‌ಟಾಪ್ ಮಡಚಿ, ಅಡಿಯ ಟವಲಿನಲ್ಲೇ ಸುತ್ತಿ ಕಂಕುಳಲ್ಲಿಟ್ಟುಕೊಂಡು, "ಹತ್ತು ಗಂಟೆಗೆ ಅಂಗಡಿ ಹತ್ರ ಬರ್ತೀನಿ. ಎರಡು ಕಾಪಿ ಪ್ರಿಂಟ್ ಬೇಕು, ಒಂದು ನನ್ನ ಫೈಲಿಗೆ," ಅಂದರು.